ಹಿರಿಯ ಕೆಂಪೇಗೌಡನ ಜೀವಿತಕ್ಕೆ ಪ್ರಮಾಣಗಳು

ಮಾಗಡಿ ತಾಲ್ಲೂಕಿನ ಕೆಂಪಾಪುರವೆಂಬ ಗ್ರಾಮದಲ್ಲಿ ಗೋಪುರವುಳ್ಳ ಒಂದು ಸಣ್ಣ ಕಲ್ಲಿನ ಕಟ್ಟಡವಿದೆ. ಊರಿನವರ ಕಣ್ಣಿಗೆ ಅದು ಹೊಸದಲ್ಲ. ಆದರೆ ಅದರ ಮೇಲಿರುವ ಕನ್ನಡ ಅಕ್ಷರಗಳ ಅರ್ಥವು ಹೊರಗಿನ ಲೋಕಕ್ಕೆ ತಿಳಿದದ್ದು 2015ನೆಯ ವರ್ಷದಲ್ಲಿ. ಮಾಗಡಿಯ ಹಿರಿಯ ಕೆಂಪೇಗೌಡನು ಕುಣಿಗಲಿನ ಕಡೆಯಿಂದ ಹಿಂದಿರುಗುತ್ತಿರುವಾಗ ಇಲ್ಲಿ ನಡೆದ ಕಾಳಗದಲ್ಲಿ ಮಡಿದನೆಂದೂ ಇದು ಅವನು ಐಕ್ಯನಾದ ಸ್ಥಳವೆಂದೂ ಆ ಬರಹದ ತಾತ್ಪರ್ಯವೆಂದು ಆಗ ವೃತ್ತಪತ್ರಿಕೆಗಳಲ್ಲಿ ಪ್ರಕಟವಾಯಿತು. ಬೆಂಗಳೂರನ್ನು ಕಟ್ಟಿಸಿದವನೆಂದು ನಾಡೆಲ್ಲ ಕೊಂಡಾಡುವ ಪುರುಷನ ಸಮಾಧಿಯು ಮಾಗಡಿಯ ಹೊಲಗಳ ನಡುವೆ ದೊರೆಯಿತೆಂದು ಜನರು ಸಂತೋಷಪಟ್ಟರು. ಸಂತೋಷಪಡತಕ್ಕ ವಿಷಯವೇ ಸರಿ.

ಆದರೆ ಆ ಬರಹದಲ್ಲಿ ಒಂದು ಪದವು ಓದುವವರನ್ನು ತಡೆದು ನಿಲ್ಲಿಸುತ್ತದೆ. ಅದು ‘ಹಿರಿಯ’ ಎಂಬ ವಿಶೇಷಣ. ಹಿರಿಯನೆಂದರೆ ಯಾರಿಗೆ ಹಿರಿಯನು? ಆ ಪದವು ಸಾಪೇಕ್ಷವಾದುದು; ಬರೆಯಿಸಿದವನು ಯಾರು, ಯಾವ ಕಾಲದವನು ಎಂಬುದು ತಿಳಿದಲ್ಲದೆ ಅದರ ಅರ್ಥವು ನಿಶ್ಚಿತವಾಗದು. ತಾತನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮ ನಾಡಿನ ಒಕ್ಕಲುಮನೆಗಳಲ್ಲಿ ಇಂದಿಗೂ ಉಳಿದಿರುವ ಸಂಪ್ರದಾಯ. ಯಲಹಂಕ ನಾಡಪ್ರಭುಗಳ ವಂಶದಲ್ಲಂತೂ ಕೆಂಪೇಗೌಡ, ಇಮ್ಮಡಿ ಕೆಂಪೇಗೌಡ, ಮುಮ್ಮಡಿ ಕೆಂಪೇಗೌಡ, ಕೆಂಪ ವೀರಪ್ಪಗೌಡ ಎಂದು ಒಂದೇ ಹೆಸರು ಇನ್ನೂರು ವರ್ಷಗಳ ಪರ್ಯಂತ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಮುಮ್ಮಡಿಯ ಕಾಲದಲ್ಲಿ ಇಮ್ಮಡಿಯೂ ಹಿರಿಯನೇ ಆಗುತ್ತಾನೆ. ಆದಕಾರಣ ಮೊದಲನೆಯ ಕೆಂಪೇಗೌಡನ ಜೀವಿತವನ್ನು ಬರೆಯಹೊರಟವರಿಗೆ ಮೊದಲು ಒದಗುವ ಕೆಲಸವೇನೆಂದರೆ, ಅದೇ ಹೆಸರಿನ ಮಕ್ಕಳು ಮೊಮ್ಮಕ್ಕಳಿಂದ ಅವನನ್ನು ಬೇರ್ಪಡಿಸುವುದು. ಈ ಕೆಲಸವು ತೋರುವಷ್ಟು ಸುಲಭವಲ್ಲ.

ನ್ಯಾಯಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಒಪ್ಪಿದ್ದಾರೆ. ಪೌರಾಣಿಕರು ಇವುಗಳ ಸಂಗಡ ಐತಿಹ್ಯವನ್ನೂ ಬೇರೊಂದು ಪ್ರಮಾಣವೆಂದು ಎಣಿಸುತ್ತಾರೆ. ಐತಿಹ್ಯವೆಂದರೆ ಮೊದಲು ಹೇಳಿದವನು ಇಂಥವನೇ ಎಂದು ತಿಳಿಯದೆ, ಹೀಗೆಂದು ಹಿಂದಿನವರು ಹೇಳುತ್ತಿದ್ದರು ಎಂದು ಪರಂಪರೆಯಾಗಿ ಬಂದ ಮಾತು. ಗೌತಮನ ಮತದಲ್ಲಿ ಇದು ಶಬ್ದಪ್ರಮಾಣದಲ್ಲಿಯೇ ಅಡಗುತ್ತದೆ; ಆದರೆ ಶಬ್ದವು ಪ್ರಮಾಣವಾಗಬೇಕಾದರೆ ಹೇಳಿದವನು ಆಪ್ತನಾಗಿರಬೇಕೆಂಬ ನಿಯಮವಿದೆ. ಹೇಳಿದವನೇ ತಿಳಿಯದಿರುವಲ್ಲಿ ಅವನ ಆಪ್ತತೆಯನ್ನು ನಿರ್ಣಯಿಸುವುದು ಹೇಗೆ? ಕೆಂಪೇಗೌಡನ ವಿಷಯದಲ್ಲಿ ದೊರೆಯುವ ಸಂಗತಿಗಳಲ್ಲಿ ಬಹುಪಾಲು ಈ ಐತಿಹ್ಯವೆಂಬ ವರ್ಗಕ್ಕೇ ಸೇರಿದುದು. ಅದನ್ನು ಸುಳ್ಳೆಂದು ತಳ್ಳುವುದು ಅವಿವೇಕ. ಶಾಸನದಷ್ಟೇ ಬಲವುಳ್ಳುದೆಂದು ಹಿಡಿಯುವುದೂ ಅವಿವೇಕವೇ.

ಈ ಐತಿಹ್ಯವು ಎಲ್ಲಿಂದ ಬಂದಿತೆಂಬುದನ್ನು ಸ್ವಲ್ಪ ನೋಡಬೇಕು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಮೈಸೂರು ಸೀಮೆಯನ್ನು ಅಳೆಯುವುದಕ್ಕಾಗಿ ಕಾಲಿನ್ ಮೆಕೆಂಜಿ ಎಂಬ ಅಧಿಕಾರಿಯು ನೇಮಕವಾದನು. ಅವನು ಭೂಮಿಯನ್ನು ಅಳೆಯಿಸಿದುದಲ್ಲದೆ, ಕಾವಲಿ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದ ಸಹಾಯಕರ ಮೂಲಕ ಊರೂರ ಶಾನುಭೋಗರಿಂದಲೂ ಅರ್ಚಕರಿಂದಲೂ ಕೈಫಿಯತ್ತುಗಳನ್ನೂ ವಂಶಾವಳಿಗಳನ್ನೂ ಸಂಗ್ರಹಿಸಿದನು. ಅಷ್ಟು ಹೊತ್ತಿಗೆ ಮಾಗಡಿಯ ಪ್ರಭುಮನೆತನವು ಅಧಿಕಾರವನ್ನು ಕಳೆದುಕೊಂಡು ಎಪ್ಪತ್ತು ವರ್ಷಗಳು ಮೀರಿದ್ದುವು. ಬೆಂಗಳೂರಿನ ಪೇಟೆಗೆ ಅಡಿಗಲ್ಲಿಟ್ಟು ಇನ್ನೂರ ಅರುವತ್ತು ವರ್ಷಗಳಾಗಿದ್ದುವು. ಬೆಂಜಮಿನ್ ಲೂಯಿಸ್ ರೈಸ್ ಮಹಾಶಯನು ಮೈಸೂರು ಗ್ಯಾಸೆಟಿಯರನ್ನು ಮೊದಲು ಪ್ರಕಟಿಸಿದ್ದು 1877ರಲ್ಲಿ. ಅದನ್ನು ತಿದ್ದಿ ಮತ್ತೆ ಅಚ್ಚು ಮಾಡಿಸಿದ್ದು 1897ರಲ್ಲಿ. ಮಾಗಡಿಯ ಪ್ರಭುಗಳ ಚರಿತ್ರೆಯು ಕ್ರಮವಾಗಿ ಅಚ್ಚಿನಲ್ಲಿ ಕಾಣಿಸಿಕೊಂಡು, ಮುಂದಿನವರೆಲ್ಲರಿಗೂ ಆಧಾರವಾದದ್ದು ಆ ಗ್ರಂಥದಲ್ಲಿ. ಮೌಖಿಕವಾದ ಮಾತು ಅಚ್ಚಾದ ಕೂಡಲೇ ಶಾಸನದ ಗಾಂಭೀರ್ಯವನ್ನು ತಾಳುತ್ತದೆ. ಇದು ಅಚ್ಚಿನ ಮಹಿಮೆ.

ಆ ವಂಶಚರಿತ್ರೆಯು ಹೀಗಿದೆ. ಕಾಂಚಿಯ ಸಮೀಪದ ಒಂದು ಗ್ರಾಮದಲ್ಲಿದ್ದ ಮೊರಸು ಒಕ್ಕಲಿಗ ಕುಲದ ರಣಭೈರೇಗೌಡನ ಮಗಳನ್ನು ಆ ಸೀಮೆಯ ಒಡೆಯನು ಬಲಾತ್ಕಾರದಿಂದ ಬಯಸಲಾಗಿ, ಏಳು ಮಂದಿ ಅಣ್ಣತಮ್ಮಂದಿರು ಬಂಡಿಗಳನ್ನು ಹೂಡಿಕೊಂಡು ರಾತ್ರೋರಾತ್ರಿ ಹೊರಟರು. ಪಾಲಾರು ನದಿಯು ತುಂಬಿ ಹರಿಯುತ್ತಿರಲು ಅವರು ಪ್ರಾರ್ಥಿಸಿದರು; ಹೊಳೆಯು ಇಬ್ಭಾಗವಾಗಿ ದಾರಿ ಕೊಟ್ಟಿತು. ಬಳಿಕ ಅವರು ನಂದಿದುರ್ಗದ ಪೂರ್ವಕ್ಕೆ ಬಂದು ಆವತಿಯಲ್ಲಿ ನೆಲಸಿದರು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪಾಳೆಯಗಾರರೂ ಈ ಮೂಲದವರೇ. ಒಂದು ಶಾಖೆಯ ಜಯಗೌಡನು ಯಲಹಂಕಕ್ಕೆ ಬಂದು ವಿಜಯನಗರದ ಅಧೀನದಲ್ಲಿ ನಾಡಪ್ರಭುವೆಂಬ ಬಿರುದನ್ನು ಪಡೆದನು.

ಶ್ರೀಮದ್ಭಾಗವತವನ್ನು ಓದಿದವರಿಗೆ, ಶಿಶುವನ್ನು ಹೊತ್ತ ವಸುದೇವನಿಗೆ ಯಮುನೆಯು ದಾರಿಬಿಟ್ಟ ಪ್ರಸಂಗವು ಇಲ್ಲಿ ನೆನಪಿಗೆ ಬಾರದಿರದು. ಮಗಳ ಮಾನಕ್ಕಾಗಿ ನಾಡು ಬಿಟ್ಟ ಕಥೆಯನ್ನು ಬೇರೆ ಕುಲಗಳವರೂ ತಮ್ಮ ಹಿರಿಯರ ವಿಷಯದಲ್ಲಿ ಹೇಳಿಕೊಳ್ಳುವುದುಂಟು. ಹಾಗೆಂದು ಕಾಂಚಿಯ ಕಡೆಯಿಂದ ವಲಸೆ ಬಂದುದೇ ಸುಳ್ಳಾಗುವುದಿಲ್ಲ. ಈ ಮನೆತನದಲ್ಲಿ ತೆಲುಗಿಗೆ ಆದರವಿದ್ದಿತು. ‘ಗಂಗಾಗೌರೀ ವಿಲಾಸ’ವೆಂಬ ತೆಲುಗು ಯಕ್ಷಗಾನವು ಕೆಂಪೇಗೌಡನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಪೂರ್ವದಿಂದ ಬಂದ ಜನರೆಂಬ ಮಾತಿಗೆ ಅದು ವಿರೋಧವಲ್ಲ. ಕಥೆಯಲ್ಲಿ ನದಿ ಸೀಳಿದ್ದನ್ನು ಬಿಟ್ಟು ವಲಸೆಯನ್ನು ಉಳಿಸಿಕೊಂಡರೆ ತಪ್ಪಾಗಲಾರದು.

ಇನ್ನು ಕಾಲಗಣನೆಗೆ ಬರೋಣ. ಗ್ಯಾಸೆಟಿಯರಿನ ವಂಶಾವಳಿಯಂತೆ ಜಯಗೌಡನು 1418ರಿಂದ 15 ವರ್ಷ, ಅವನ ಮಗ ಗಿಡ್ಡೇಗೌಡನು 10 ವರ್ಷ, ಅವನ ತರುವಾಯ ಕೆಂಪನಂಜೇಗೌಡನು 70 ವರ್ಷ ಆಳಿದರು. 1418ಕ್ಕೆ 95ನ್ನು ಕೂಡಿದರೆ 1513. ಕೆಂಪೇಗೌಡನು ಪಟ್ಟಕ್ಕೆ ಬಂದುದು 1513ರಲ್ಲಿ ಎಂದು ಪುಸ್ತಕಗಳಲ್ಲಿ ಕಾಣುವ ವರ್ಷವು ಈ ಸಂಕಲನದೊಡನೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಅಷ್ಟು ಚೆನ್ನಾಗಿ ಹೊಂದಿಕೊಳ್ಳುವುದೇ ಸಂದೇಹಕ್ಕೆ ಕಾರಣ. ಒಬ್ಬನು 70 ವರ್ಷ ಆಳುವುದು ಅಸಂಭವವಲ್ಲವಾದರೂ ವಿರಳ. ಅದಕ್ಕಿಂತ ಹೆಚ್ಚಿನ ತೊಡಕು ಬೇರೊಂದಿದೆ. ಕೆಂಪೇಗೌಡನು ಹುಟ್ಟಿದ್ದು 1510ನೆಯ ಜೂನ್ 27 ಎಂದು ಈಗ ಪ್ರಸಿದ್ಧವಾಗಿದೆ. 2017ರಿಂದ ಆ ದಿವಸ ರಾಜ್ಯ ಸರ್ಕಾರವೇ ಜಯಂತಿಯನ್ನು ಆಚರಿಸುತ್ತಿದೆ. 1510ರಲ್ಲಿ ಹುಟ್ಟಿ 1513ರಲ್ಲಿ ಪಟ್ಟವೇರಿದನೆಂದರೆ ನಾಡಪ್ರಭುವಿಗೆ ಆಗ ಮೂರು ವರ್ಷ. ಈ ಎರಡು ವರ್ಷಗಳನ್ನೂ ಒಂದೇ ಪುಟದಲ್ಲಿ ಅಚ್ಚು ಮಾಡಿರುವ ಪುಸ್ತಕಗಳಿವೆ. ಶಾಲೆಯ ಹುಡುಗನೊಬ್ಬನು ಎದ್ದು ನಿಂತು ಇದನ್ನು ಕೇಳಿದರೆ ಉಪಾಧ್ಯಾಯರು ಏನು ಹೇಳಬೇಕು? ಎರಡರಲ್ಲಿ ಒಂದಾದರೂ ಪ್ರಮಾಣವಲ್ಲವೆಂದು ಹೇಳದೆ ವಿಧಿಯಿಲ್ಲ. ಎರಡೂ ಹಿಂದಿನಿಂದ ಲೆಕ್ಕ ಹಾಕಿ ಪಡೆದ ವರ್ಷಗಳಾಗಿರುವ ಸಂಭವವೇ ಹೆಚ್ಚು.

1537ರಲ್ಲಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದ ಸಂಗತಿಯು ಈ ಚರಿತ್ರೆಯ ಮಧ್ಯಮಣಿ. ಆಗ ವಿಜಯನಗರದಲ್ಲಿ ಅಚ್ಯುತದೇವರಾಯನು ಆಳುತ್ತಿದ್ದನು. ಅವನ ಆಳ್ವಿಕೆ 1529ರಿಂದ 1542ರ ವರೆಗೆ. ರಾಯನು ಪ್ರಸನ್ನನಾಗಿ 30,000 ವರಹಗಳ ಹುಟ್ಟುವಳಿಯುಳ್ಳ 12 ಹೋಬಳಿಗಳನ್ನು ಕೆಂಪೇಗೌಡನಿಗೆ ಬಿಟ್ಟುಕೊಟ್ಟನೆಂದು ವಂಶಚರಿತ್ರೆಯು ಹೇಳುತ್ತದೆ. ಕಾಲವೂ ದೊರೆಯೂ ಇಲ್ಲಿ ಒಂದಕ್ಕೊಂದು ಹೊಂದುತ್ತವೆ. ನಾಲ್ಕು ನೇಗಿಲುಗಳನ್ನು ನಾಲ್ಕು ದಿಕ್ಕಿಗೆ ಹೂಡಿ, ಎತ್ತುಗಳು ನಿಂತಲ್ಲಿಗೆ ಬೀದಿಯ ಮಿತಿಯನ್ನು ಗೊತ್ತುಮಾಡಿದನೆಂಬ ಕಥೆಯನ್ನು ಕೇಳದವರಿಲ್ಲ. ಕೋಟೆಯ ಬಾಗಿಲು ನಿಲ್ಲದಿರಲು ಸೊಸೆ ಲಕ್ಷ್ಮಮ್ಮನು ತನ್ನನ್ನೇ ಬಲಿಗೊಟ್ಟಳೆಂಬ ಕರುಣಕಥೆಯೂ ಉಂಟು. ಕೋರಮಂಗಲದಲ್ಲಿ ಅವಳ ಸಮಾಧಿಯನ್ನು ತೋರಿಸುತ್ತಾರೆ. ಬೆಂಗಳೂರೆಂಬ ಹೆಸರು ಮಾತ್ರ ಕೆಂಪೇಗೌಡನದಲ್ಲ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತು ಬಂದಿದೆ. ಬೆಂದ ಕಾಳನ್ನು ತಿಂದ ಬಲ್ಲಾಳರಾಯನ ಕಥೆಯು ಈ ಒಂದು ಕಲ್ಲಿನಿಂದ ಬಿದ್ದುಹೋಗುತ್ತದೆ. ಕೆಂಪೇಗೌಡನು ಹಳೆಯ ಹೆಸರನ್ನು ಹೊಸ ಪೇಟೆಗೆ ಇಟ್ಟನೆಂಬುದಷ್ಟೇ ಉಳಿಯುತ್ತದೆ. ಒಂದು ಕಲ್ಲಿನ ಬಲವು ನೂರು ಕಥೆಗಳಿಗಿಂತ ಹೇಗೆ ಹೆಚ್ಚೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅವನ ಜೀವಿತದಲ್ಲಿ ವಿಚಾರಕ್ಕೆ ಅತ್ಯಂತ ಯೋಗ್ಯವಾದ ಭಾಗವೆಂದರೆ ಸೆರೆವಾಸದ ಪ್ರಸಂಗ. ಇದು ಚನ್ನಪಟ್ಟಣದ ಇತಿಹಾಸದೊಡನೆಯೂ ಹೆಣೆದುಕೊಂಡಿದೆ. ಕೆಂಪೇಗೌಡನು ರಾಯನ ಅಪ್ಪಣೆಯಿಲ್ಲದೆ ಟಂಕಸಾಲೆಯನ್ನಿಟ್ಟು ತನ್ನ ಕುಲದೈವದ ಹೆಸರಿನಲ್ಲಿ ನಾಣ್ಯವನ್ನು ಅಚ್ಚೊತ್ತಿಸಿದನು; ಇದನ್ನು ಸಹಿಸದ ನೆರೆಯ ಪಾಳೆಯಗಾರರು, ಮುಖ್ಯವಾಗಿ ಚನ್ನಪಟ್ಟಣದ ಜಗದೇವರಾಯನು, ವಿಜಯನಗರಕ್ಕೆ ದೂರನ್ನು ಮುಟ್ಟಿಸಿದರು; ರಾಯನು ಕೋಪಿಸಿ ಅವನನ್ನು ಕರೆಯಿಸಿ ಆನೆಗೊಂದಿಯಲ್ಲಿ ಸೆರೆಯಿಟ್ಟು ಸೀಮೆಯನ್ನು ಜಪ್ತಿಮಾಡಿದನು; ಐದು ವರ್ಷಗಳ ಮೇಲೆ ಅಪಾರವಾದ ದಂಡವನ್ನು ತೆತ್ತು ಅವನು ಬಿಡುಗಡೆ ಹೊಂದಿದನು, ಸೀಮೆಯೂ ಮರಳಿ ಬಂದಿತು. ಕಥೆಯು ಹೀಗೆ ನಡೆಯುತ್ತದೆ. ನಾಣ್ಯವನ್ನು ಅಚ್ಚೊತ್ತಿಸುವುದು ಸಾರ್ವಭೌಮನ ಹಕ್ಕು. ಅದನ್ನು ಸಾಮಂತನು ವಹಿಸಿಕೊಂಡರೆ ಸ್ವಾತಂತ್ರ್ಯವನ್ನು ಸಾರಿದಂತೆಯೇ. ಆದುದರಿಂದ ಕಥೆಯಲ್ಲಿ ಅಸಂಭವವಾದುದೇನೂ ಇಲ್ಲ.

ಆದರೆ ಚನ್ನಪಟ್ಟಣದ ಜಗದೇವರಾಯನು ಯಾವ ಕಾಲದವನು? 1577ರಲ್ಲಿ ಬಿಜಾಪುರದ ಸೇನೆಯು ಪೆನುಗೊಂಡೆಯನ್ನು ಮುತ್ತಿದಾಗ ಅದನ್ನು ಕಾಪಾಡಿದ ವೀರನೆಂದು ಅವನು ಪ್ರಸಿದ್ಧನಾದನು. ಆ ಸೇವೆಗೆ ಮೆಚ್ಚಿ ರಾಯನು ಕೊಟ್ಟ ವಿಸ್ತಾರವಾದ ಸೀಮೆಗೆ ಚನ್ನಪಟ್ಟಣವು ರಾಜಧಾನಿಯಾಯಿತು. ಚನ್ನಪಟ್ಟಣದ ಕೋಟೆಯು 1580ರ ಸುಮಾರಿನದು. ಇಂದಿನ ಕನಕಪುರವಾಗಿರುವ ಕಾನಕಾನಹಳ್ಳಿಯ ಕೋಟೆಯನ್ನೂ ಅವನೇ ಕಟ್ಟಿಸಿದನೆಂದು ಪ್ರತೀತಿ. ಆ ವಂಶದ ಕೈಯಿಂದ ಚನ್ನಪಟ್ಟಣವು ಮೈಸೂರಿನ ವಶವಾದುದು 1630ರಲ್ಲಿ. ಹಿರಿಯ ಕೆಂಪೇಗೌಡನಾದರೋ 1569ರಲ್ಲಿಯೇ ತೀರಿಕೊಂಡನೆಂದು ಅದೇ ಗ್ಯಾಸೆಟಿಯರು ಹೇಳುತ್ತದೆ. ಸತ್ತ ಎಂಟು ವರ್ಷಗಳ ಮೇಲೆ ಪ್ರಸಿದ್ಧನಾದವನು, ಬದುಕಿದ್ದಾಗ ಅವನ ಮೇಲೆ ಚನ್ನಪಟ್ಟಣದಿಂದ ದೂರು ಕೊಟ್ಟದ್ದು ಹೇಗೆ?

ಈ ವಿರೋಧವನ್ನು ಪರಿಹರಿಸಲು ಮೂರು ದಾರಿಗಳು ಕಾಣುತ್ತವೆ. ಸೆರೆವಾಸವು ಮಗನಾದ ಇಮ್ಮಡಿ ಕೆಂಪೇಗೌಡನದೆಂದು ಹೇಳುವುದು ಒಂದು. ಆಗ ಜಗದೇವರಾಯನ ಹೆಸರು ಸರಿಯಾಗುತ್ತದೆ. ಆದರೆ ಆನೆಗೊಂದಿಯು ತಪ್ಪುತ್ತದೆ. ಏಕೆಂದರೆ 1565ರ ರಕ್ಕಸತಂಗಡಿಯ ಯುದ್ಧದ ಬಳಿಕ ವಿಜಯನಗರವು ಹಾಳಾಗಿ ರಾಯರ ಆಸ್ಥಾನವು ಪೆನುಗೊಂಡೆಗೆ ಹೋಯಿತು. ಅಪರಾಧಿಯಾದ ಸಾಮಂತನನ್ನು ಪೆನುಗೊಂಡೆಯಲ್ಲಿಡದೆ, ಶತ್ರುಗಳ ಮಗ್ಗುಲಲ್ಲಿದ್ದ ಪಾಳು ರಾಜಧಾನಿಯ ಎದುರು ದಡದಲ್ಲಿ ಏಕೆ ಇಡುತ್ತಾರೆ? ಸೆರೆವಾಸವು ತಂದೆಯದೇ ಎಂದು ಉಳಿಸಿಕೊಂಡು, ಜಗದೇವರಾಯನೆಂಬುದು ಅದೇ ಹೆಸರಿನ ಬೇರೊಬ್ಬನನ್ನು ಸೂಚಿಸುತ್ತದೆ ಎನ್ನುವುದು ಎರಡನೆಯ ದಾರಿ. ಗೋಲ್ಕೊಂಡದಿಂದ ಓಡಿಬಂದು ವಿಜಯನಗರವನ್ನು ಆಶ್ರಯಿಸಿದ ಜಗದೇವರಾವ್ ಎಂಬ ಸರದಾರನು 1565ಕ್ಕೆ ಹಿಂದಿನ ಇತಿಹಾಸದಲ್ಲಿ ಕಾಣುತ್ತಾನೆ. ಆದರೆ ಅವನಿಗೆ ಆಗ ಚನ್ನಪಟ್ಟಣದ ಸಂಬಂಧವು ಕಾಣದು. ಮೂರನೆಯದು, ಸೆರೆವಾಸವು ನಿಜ, ಆನೆಗೊಂದಿಯೂ ನಿಜ, ಜಗದೇವರಾಯನ ಹೆಸರು ಮಾತ್ರ ಆಮೇಲೆ ಸೇರಿದುದು ಎಂಬುದು. ಮಾಗಡಿಯ ಪ್ರಭುಗಳಿಗೂ ಚನ್ನಪಟ್ಟಣದವರಿಗೂ ಮುಂದೆ ಐವತ್ತು ವರ್ಷಗಳ ಕಾಲ ನೆರೆಹೊರೆಯ ಸ್ಪರ್ಧೆಯಿದ್ದುದು ಸಹಜ. ಆ ಹಗೆತನವನ್ನು ಕಂಡ ಮಕ್ಕಳು ಮೊಮ್ಮಕ್ಕಳು ಹಳೆಯ ಕಥೆಯೊಳಗಿನ ದೂರುಗಾರನಿಗೆ ತಮಗೆ ಪರಿಚಿತನಾದ ಹಗೆಯ ಹೆಸರನ್ನೇ ಕೊಟ್ಟಿರಬಹುದು. ಊರಿನ ಹೆಸರು ಕಥೆಯಲ್ಲಿ ಗಟ್ಟಿಯಾಗಿ ನಿಲ್ಲುವಂತೆ ಮನುಷ್ಯರ ಹೆಸರು ನಿಲ್ಲುವುದಿಲ್ಲ. ಆದುದರಿಂದ ಈ ಮೂರನೆಯ ಪಕ್ಷವೇ ಬಲವಾದುದೆಂದು ತೋರುತ್ತದೆ. ಹೀಗಾದರೆ ಹಿರಿಯ ಕೆಂಪೇಗೌಡನ ಜೀವಿತದಿಂದ ಐದು ವರ್ಷಗಳ ಸೆರೆಮನೆಯು ಹೋಗುವುದಿಲ್ಲ. ಚನ್ನಪಟ್ಟಣದವರ ಮೇಲಿನ ಅಪವಾದವು ಮಾತ್ರ ಹೋಗುತ್ತದೆ.

ಅವನ ಮಕ್ಕಳ ಕಾಲಕ್ಕೆ ಬಂದಂತೆ ಗೊಂದಲವು ಇನ್ನೊಂದು ಬಗೆಯದಾಗುತ್ತದೆ. ಬೆಂಗಳೂರಿನ ನಾಲ್ಕು ಕಡೆಗಳಲ್ಲಿ, ಎಂದರೆ ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ, ಹಲಸೂರು ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಸಮೀಪದಲ್ಲಿ ನಿಂತಿರುವ ಗೋಪುರಗಳನ್ನು ಜನರು ಹಿರಿಯ ಕೆಂಪೇಗೌಡನವೆನ್ನುತ್ತಾರೆ. ಗ್ರಂಥಗಳಲ್ಲಿ ಅವು ಇಮ್ಮಡಿಯು 1597ರಲ್ಲಿ ಕಟ್ಟಿಸಿದವೆಂದು ಬರೆದಿರುತ್ತದೆ. ಮಾಗಡಿಯ ಸೋಮೇಶ್ವರ ದೇವಾಲಯವನ್ನು ಇಮ್ಮಡಿಯದೆನ್ನುವವರೂ ಇದ್ದಾರೆ, ಮುಮ್ಮಡಿಯದೆನ್ನುವವರೂ ಇದ್ದಾರೆ. ಶಿವಗಂಗೆಯ ಗಂಗಾಧರೇಶ್ವರನ ಸನ್ನಿಧಿಯಲ್ಲಿ ಕೆಂಪೇಗೌಡನ ಲೋಹದ ಪ್ರತಿಮೆಯಿದೆ. ಅದನ್ನು ಪ್ರತಿಷ್ಠಿಸಿದ್ದು ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ; ಎಂದರೆ ಹಿರಿಯನು ತೀರಿ ಸುಮಾರು ನಾಲ್ವತ್ತು ವರ್ಷಗಳ ಮೇಲೆ. ಆ ಪ್ರತಿಮೆಯ ಮುಖವು ಅವನನ್ನು ಕಣ್ಣಾರೆ ಕಂಡವರ ನೆನಪಿನಿಂದ ಮೂಡಿತೋ, ಪ್ರಭುವೆಂದರೆ ಹೀಗಿರಬೇಕೆಂಬ ಶಿಲ್ಪಿಯ ಸಂಪ್ರದಾಯದಿಂದ ಮೂಡಿತೋ, ಹೇಳುವವರಿಲ್ಲ. ಆದರೂ ಅವನಿಗೆ ಅತ್ಯಂತ ಸಮೀಪವಾದ ಸಾಕ್ಷಿಗಳಲ್ಲಿ ಅದೊಂದು. ಅವನ ಮೊಮ್ಮಕ್ಕಳ ಕಾಲದಲ್ಲಿ ಅವನನ್ನು ಕೈಮುಗಿದು ನಿಂತ ಶಿವಭಕ್ತನೆಂದು ನೆನೆಯುತ್ತಿದ್ದರೆಂಬುದಾದರೂ ಅದರಿಂದ ತಿಳಿಯುತ್ತದೆ.

ವಂಶದವರ ಮಾತಲ್ಲದೆ ಹೊರಗಿನವರ ಸಾಕ್ಷ್ಯವು ದೊರೆಯುವುದು 1638ರ ಘಟನೆಗೆ. ಆ ವರ್ಷ ಬಿಜಾಪುರದ ಸೇನಾಪತಿ ರಣದುಲ್ಲಾಖಾನನು ಶಹಾಜಿಯೊಡನೆ ಬಂದು ಬೆಂಗಳೂರನ್ನು ತೆಗೆದುಕೊಂಡನು. ಶಿವಾಜಿಯ ಆಶ್ರಯದಲ್ಲಿ ಪರಮಾನಂದ ಕವಿಯು ರಚಿಸಿದ ‘ಶಿವಭಾರತ’ವೆಂಬ ಸಂಸ್ಕೃತ ಕಾವ್ಯದಲ್ಲಿ ಶಹಾಜಿಯು ಕೆಂಪಗೌಡನನ್ನು ಗೆದ್ದು ಈ ಪಟ್ಟಣವನ್ನು ಪಡೆದ ಪ್ರಸ್ತಾಪವಿದೆ. ಗೆದ್ದವರ ಕಡೆಯ ಕವಿಯು ಸೋತವನ ಹೆಸರನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ಹೇಳಿದ್ದರಿಂದಲೇ ಅದಕ್ಕೆ ಬೆಲೆ. ಆದರೆ ಈ ಕೆಂಪಗೌಡನು ಯಾರು? ಹಿರಿಯನಂತೂ ಅಲ್ಲ. ಇಮ್ಮಡಿಯೇ ಎಂದು ಬರೆಯುವವರು ಹಲವರು. 1569ರಲ್ಲಿ ತಂದೆಯ ಸ್ಥಾನಕ್ಕೆ ಬಂದವನು 1638ರಲ್ಲಿಯೂ ಇದ್ದನೆಂದರೆ ಅವನು 69 ವರ್ಷ ಆಳಿದಂತಾಯಿತು. ಪಟ್ಟಕ್ಕೆ ಬಂದಾಗ ಇಪ್ಪತ್ತು ವರ್ಷದವನೆಂದರೂ ಕೋಟೆಯ ಮೇಲೆ ನಿಂತು ಕಾದಿದಾಗ ಎಂಬತ್ತೊಂಬತ್ತು ವರ್ಷದ ಮುದುಕ. ಕೆಂಪನಂಜೇಗೌಡನಿಗೆ 70 ವರ್ಷ, ಇಮ್ಮಡಿಗೆ 69 ವರ್ಷ. ಒಂದೇ ವಂಶದಲ್ಲಿ ಇಂತಹ ದೀರ್ಘಾಯುಷ್ಯವು ಎರಡು ಸಲ ಬಂದಿತೆಂದು ನಂಬುವುದಕ್ಕಿಂತ, ಮಧ್ಯದಲ್ಲಿ ಒಂದೆರಡು ತಲೆಮಾರುಗಳು ಒಂದೇ ಹೆಸರಿನೊಳಗೆ ಕರಗಿಹೋಗಿವೆಯೆಂದು ಊಹಿಸುವುದು ಯುಕ್ತ. ಹೆಸರನ್ನು ಉಳಿಸುವುದಕ್ಕೆಂದೇ ಮಗುವಿಗೆ ತಾತನ ಹೆಸರಿಟ್ಟರು. ಹೆಸರು ಉಳಿಯಿತು, ಹೆಸರುಳ್ಳವರಲ್ಲಿ ಕೆಲವರು ಅಳಿದರು. ಅವರು ಕಟ್ಟಿಸಿದ ಕೆರೆಕಟ್ಟೆಗಳು ಯಾರ ಲೆಕ್ಕಕ್ಕೆ ಸೇರಿದುವೋ!

ಬೆಂಗಳೂರು ಕೈಬಿಟ್ಟ ಮೇಲೆ ಈ ಮನೆತನದವರು ಮಾಗಡಿಯನ್ನೇ ನೆಲೆಯಾಗಿ ಮಾಡಿಕೊಂಡರು. ಸಾವನದುರ್ಗವು ಅವರಿಗೆ ಒತ್ತಾಸೆಯಾಗಿದ್ದಿತು. ಮೂರನೆಯ ಬಲ್ಲಾಳನ ಕಾಲದ, 1340ರ ಮಾಡಬಾಳಿನ ಶಾಸನದಲ್ಲಿ ಈ ಬೆಟ್ಟಕ್ಕೆ ಸಾವಂದಿ ಎಂಬ ಹೆಸರಿದೆ. ಎಂದ ಮೇಲೆ ಬೆಟ್ಟದ ಕೀರ್ತಿಯೂ ಕೆಂಪೇಗೌಡನಿಗಿಂತ ಹಳೆಯದು. ಇಲ್ಲಿಯೇ ಕೆಂಪಾಪುರದ ಬರಹದ ಪ್ರಶ್ನೆಯು ಮತ್ತೆ ಏಳುತ್ತದೆ. ಬೆಂಗಳೂರನ್ನು ಕಟ್ಟಿಸಿದವನನ್ನು ಅವನ ಸಮಕಾಲೀನರು ಯಲಹಂಕದ ಪ್ರಭುವೆಂದು ಕರೆದಿರಬೇಕೇ ಹೊರತು ಮಾಗಡಿಯವನೆಂದು ಕರೆಯುವುದಕ್ಕೆ ಅಷ್ಟಾಗಿ ಕಾರಣವಿಲ್ಲ. ‘ಮಾಗಡಿಯ ಹಿರಿಯ ಕೆಂಪೇಗೌಡ’ ಎಂಬ ನಿರ್ದೇಶವು ಎರಡು ಬಗೆಯಾಗಿ ಸಮಂಜಸವಾಗಬಹುದು. 1638ರ ತರುವಾಯ ಮಾಗಡಿಯಲ್ಲಿ ಆಳಿದವರು ತಮ್ಮ ವಂಶದ ಹಿರಿಯನಿಗಾಗಿ ಆ ಕಟ್ಟಡವನ್ನು ನಿಲ್ಲಿಸಿ ತಮ್ಮ ಊರಿನ ಹೆಸರನ್ನು ಅವನಿಗೂ ಹಚ್ಚಿರಬಹುದು. ಅಥವಾ ಅಲ್ಲಿ ಮಡಿದವನು ಮಾಗಡಿಯಲ್ಲಿಯೇ ಆಳಿದ, ತನಗಿಂತ ಕಿರಿಯನಾದ ಇನ್ನೊಬ್ಬ ಕೆಂಪೇಗೌಡನಿಗೆ ಹಿರಿಯನಾದವನಾಗಿರಬಹುದು. ಅಕ್ಷರಗಳ ಆಕಾರವನ್ನು ಹತ್ತಿರದ ಕಾಲದ ಬೇರೆ ಶಾಸನಗಳೊಡನೆ ಒಂದೊಂದಾಗಿ ಹೋಲಿಸಿ ನೋಡಿ ಲಿಪಿಶಾಸ್ತ್ರಜ್ಞರು ಕಾಲವನ್ನು ನಿರ್ಣಯಿಸಬೇಕು. ಅದಕ್ಕೆ ಮುಂಚೆ ಗೋಡೆಗೆ ಸುಣ್ಣ ಬಳಿಯುವುದು, ಅಕ್ಷರಗಳ ಮೇಲೆ ಬಣ್ಣ ತುಂಬುವುದು ಮೊದಲಾದ ಭಕ್ತಿಕಾರ್ಯಗಳಿಂದ ದೂರವಿರುವುದೇ ಹಿರಿಯನಿಗೆ ಮಾಡುವ ದೊಡ್ಡ ಸೇವೆ.

ಈ ಪ್ರಾಂತದ ಶಾಸನಗಳ ಗತಿಯೂ ಇದೇ. ರೈಸ್ ಮಹಾಶಯನ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟವು 1905ರಲ್ಲಿ ಅಚ್ಚಾಯಿತು. ಅಂದಿನ ಬೆಂಗಳೂರು ಜಿಲ್ಲೆಯಲ್ಲಿದ್ದ ಮಾಗಡಿ, ಚನ್ನಪಟ್ಟಣ, ಕಾನಕಾನಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. 2007ರಲ್ಲಿ ರಾಮನಗರವು ಬೇರೆ ಜಿಲ್ಲೆಯಾಯಿತು; 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಜಿಲ್ಲೆಯ ಹೆಸರು ಬದಲಾದರೂ ಕಲ್ಲು ಇದ್ದಲ್ಲಿಯೇ ಇರಬೇಕಷ್ಟೆ. ಹಾಗೆಂದುಕೊಂಡರೆ ಅದೂ ನಿಜವಲ್ಲ. ನೂರು ವರ್ಷಗಳ ಹಿಂದೆ ಪ್ರತಿಯೆತ್ತಿದ ಕಲ್ಲುಗಳಲ್ಲಿ ಕೆಲವು ಕೆರೆಯ ತೂಬಿಗೆ, ಕೆಲವು ಮನೆಯ ಹೊಸ್ತಿಲಿಗೆ, ಕೆಲವು ಬಟ್ಟೆ ಒಗೆಯುವುದಕ್ಕೆ ಸಲ್ಲುವುದು ನಮ್ಮ ಗ್ರಾಮಗಳಲ್ಲಿ ಅಪೂರ್ವವೇನೂ ಅಲ್ಲ. ಅಚ್ಚಿನಲ್ಲಿ ಬಾರದೆ ಹೊಲದ ಬದುವಿನಲ್ಲಿ ಬಿದ್ದಿರುವ ಕಲ್ಲೊಂದರಲ್ಲಿ ಹಿರಿಯ ಕೆಂಪಯ್ಯಗೌಡರ ಮಕ್ಕಳು ಇಂಥವರೆಂಬ ಒಂದು ಸಾಲಿದ್ದರೆ ಸಾಕು, ಮೇಲೆ ಹೇಳಿದ 69 ವರ್ಷಗಳ ಗಂಟು ಬಿಚ್ಚಿಕೊಳ್ಳುತ್ತದೆ. ವಿಮಾನ ನಿಲ್ದಾಣಕ್ಕೆ 2013ರಲ್ಲಿ ಕೆಂಪೇಗೌಡನ ಹೆಸರನ್ನಿಟ್ಟರು. 2022ರ ನವೆಂಬರಿನಲ್ಲಿ ಅಲ್ಲಿ 108 ಅಡಿಗಳ ಪ್ರತಿಮೆಯನ್ನು ನಿಲ್ಲಿಸಿದರು. ಅಷ್ಟು ಎತ್ತರವಾದ ಪ್ರತಿಮೆಗೆ ತಗಲಿದ ವೆಚ್ಚದಲ್ಲಿ ಎಷ್ಟೋ ಪಾಲು ಕಡಮೆಯಾದ ಹಣದಿಂದ ನಾಲ್ಕು ತಾಲ್ಲೂಕುಗಳ ಬದುಗಳನ್ನೆಲ್ಲ ಹುಡುಕಿಸಬಹುದಾಗಿತ್ತೆಂಬುದು ಅಸೂಯೆಯ ಮಾತಲ್ಲ.

ಇಷ್ಟನ್ನೆಲ್ಲ ಸೋಸಿದ ಮೇಲೆ ಹಿರಿಯ ಕೆಂಪೇಗೌಡನ ಪಾಲಿಗೆ ಉಳಿಯುವುದೇನು? ಹದಿನಾರನೆಯ ಶತಮಾನದ ಪೂರ್ವಾರ್ಧದಲ್ಲಿ ಯಲಹಂಕದಲ್ಲಿ ಪ್ರಭುವಾಗಿದ್ದವನು. ಅಚ್ಯುತರಾಯನ ಕಾಲದಲ್ಲಿ ಹಳೆಯ ಬೆಂಗಳೂರಿನ ಹೆಸರಿನಲ್ಲಿ ಹೊಸದೊಂದು ಪೇಟೆಯನ್ನು ಕಟ್ಟಿಸಿದವನು. 1565ಕ್ಕೆ ಮುಂಚೆ ಯಾವಾಗಲೋ ರಾಯನ ಕೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಸೆರೆಯಲ್ಲಿದ್ದು ದಂಡ ತೆತ್ತು ಬಂದವನು. ತೀರಿದ ನಾಲ್ವತ್ತು ವರ್ಷಗಳ ಮೇಲೆಯೂ ಶಿವಗಂಗೆಯಲ್ಲಿ ಪ್ರತಿಮೆಯನ್ನು ನಿಲ್ಲಿಸುವಷ್ಟು ಗೌರವವನ್ನು ಪಡೆದವನು. ಹುಟ್ಟಿದ ದಿನವು ತಿಳಿಯದು. ಸತ್ತ ಸ್ಥಳವು ಕೆಂಪಾಪುರವಾಗಿರಬಹುದು. ಪುಸ್ತಕಗಳಲ್ಲಿರುವುದಕ್ಕಿಂತ ಇದು ಚಿಕ್ಕ ಜೀವಿತ. ಆದರೆ ಇದರಲ್ಲಿ ಮಗನ ಗೋಪುರವಾಗಲಿ ಮೊಮ್ಮಗನ ದೇವಾಲಯವಾಗಲಿ ಬೆರೆತಿಲ್ಲ.

ಆ ಹೆಸರನ್ನು ಕೊನೆಗೆ ಹೊತ್ತವನ ಕಥೆಯಲ್ಲಿ ಮಾತ್ರ ಇಂತಹ ಸಂದೇಹಗಳಿಗೆ ಎಡೆಯಿಲ್ಲ. 1728ರಲ್ಲಿ, ದೊಡ್ಡ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರಿನ ದಳವಾಯಿ ದೇವರಾಜಯ್ಯನು ಮಾಗಡಿಯನ್ನು ಮುತ್ತಿ ಹಿಡಿದನು; ಸಾವನದುರ್ಗವೂ ಬಿದ್ದಿತು. ಕೆಂಪ ವೀರಪ್ಪಗೌಡನನ್ನು ಶ್ರೀರಂಗಪಟ್ಟಣಕ್ಕೆ ಕೊಂಡುಹೋಗಿ ಸೆರೆಯಲ್ಲಿಟ್ಟರು. ಆನೆಗೊಂದಿಯಿಂದ ಬಿಡುಗಡೆ ಹೊಂದಿದ ಹಿರಿಯನ ಭಾಗ್ಯವು ಅವನಿಗಿರಲಿಲ್ಲ. ಅವನು ಅಲ್ಲಿಯೇ ತೀರಿಕೊಂಡನು.